ನಡುವಿಗೆ ಬಾರದ ನಕ್ಷತ್ರ

ಸೊಸೈಟಿಯಿಂದ ಬಂದು ಚಪ್ಪಲಿ ಬಿಚ್ಚುವ ಮೊದಲೇ ಫೋನು ಹೊಡ್ಕೊಳ್ತದೆ. ಮಸ್ಕತ್ತಿನಿಂದ ನನ್ನ ಗಂಡ. ಹೇಗಿದ್ದಿ ಅಂತ ಇಲ್ಲ, ಚಾ ಕುಡಿದ್ಯಾ ಅಂತ ಇಲ್ಲ. "ಮೇಲೆ ಹೋದ್ಯಾ?" ಇಷ್ಟೇ. ಮೇಲೆ ಅಂದ್ರೆ ಟೆರೇಸಿಗೆ. ಟೆರೇಸಿನಲ್ಲಿ ಇವರ ಟೆಲಿಸ್ಕೋಪ್ ಉಂಟು. ಕಳೆದ ಡಿಸೆಂಬರಿನಿಂದ ನಮ್ಮ ಸಂಸಾರ ನಡೆಯುದೆಲ್ಲ ಅದರ ಬುಡದಲ್ಲೇ.

ನನ್ನ ಹೆಸರು ಸ್ವರ್ಣಲತಾ. ವೇಣೂರಿನ ಹತ್ತಿರ ರೈತರ ಒಂದು ಸಹಕಾರಿ ಸೊಸೈಟಿಯಲ್ಲಿ ಕಂಪ್ಯೂಟರಿನ ಎದುರು ಕೂತುಕೊಳ್ಳುವ ಕೆಲಸ. ಬೆಳಿಗ್ಗೆಯಿಂದ ಸಂಜೆವರೆಗೆ ಬೈಗಳು ತಿನ್ನುದೂ ಅದರಲ್ಲೇ ಸೇರಿದೆ. ಕರೆಂಟು ಹೋದ್ರೂ ನನಗೆ, ನೆಟ್ಟು ಹೋದ್ರೂ ನನಗೆ, ಗೊಬ್ಬರದ ಲೋಡು ಬಾರದಿದ್ರೂ ನನಗೇ. ಮನೆಗೆ ಬಂದ್ರೆ ಮಾಮಿ, ಅಂದ್ರೆ ನನ್ನ ಅತ್ತೆ. ಅವರಿಗೆ ಮೊಣಗಂಟು ನೋವು, ಟಿವಿಯ ಎದುರಿನಿಂದ ಏಳುದಿಲ್ಲ. ಮಗಳು ಪ್ರಾಪ್ತಿ ಮೂಡಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದ್ತಾಳೆ. ಗಂಡ ಶೋಧನ್ ಮಸ್ಕತ್ತಿನಲ್ಲಿ ಒಂದು ಕಂಪನಿಯ ಸ್ಟೋರಿನಲ್ಲಿ. ಎರಡು ವರ್ಷಕ್ಕೊಮ್ಮೆ ರಜೆ. ಹೀಗೆ ನಮ್ಮ ಮನೆ.

ಮನೆಯ ಟೆರೇಸಿನಲ್ಲಿ ಆರು ಕಂಬಗಳ ಮೊಂಡು ಉಂಟು. ಸೊಂಟದವರೆಗೆ ಕಾಂಕ್ರೀಟು, ಅದರ ತಲೆಯಿಂದ ಕಬ್ಬಿಣದ ಸರಳುಗಳು ಎದ್ದು ನಿಂತದ್ದು. ಬಂಟ್ವಾಳದಿಂದ ಬೆಳ್ತಂಗಡಿವರೆಗೆ ಒಮ್ಮೆ ಬಸ್ಸಿನ ಕಿಟಕಿ ಬದಿ ಕೂತು ನೋಡಿ, ಗಲ್ಫಿನವರ ಮನೆ ಅಂದ್ರೆ ಹೀಗೆಯೇ. ಕೆಳಗೆ ಬಣ್ಣ, ಟೈಲ್ಸು, ಗೇಟು ಎಲ್ಲ ಆಗಿ ಆಗಿದೆ. ಮೇಲೆ ಮಾತ್ರ ಸರಳು. ಮುಂದೆ ಮೇಲಿನ ಮಾಳಿಗೆ ಎಬ್ಬಿಸ್ಲಿಕ್ಕೆ ಉಂಟು ಅಂತ ಅದರ ಅರ್ಥ, ಎಬ್ಬಿಸುವವ ಇನ್ನೂ ದುಡೀತಾ ಇದ್ದಾನೆ ಅಂತಲೂ ಅರ್ಥ.

ಹೊಸ ಮನೆಯ ಒಕ್ಕಲಿನ ದಿನ ನೆಂಟರೆಲ್ಲ ಊಟಕ್ಕೆ ಕೂತಿರುವಾಗ ಇವರು ನನ್ನನ್ನು ಮೇಲೆ ಕರ್ಕೊಂಡು ಹೋಗಿದ್ರು. ಕಂಬದಿಂದ ಕಂಬಕ್ಕೆ ನಡೆದು ತೋರಿಸಿದ್ರು. "ಇದು ನಮ್ಮ ರೂಮು ಸ್ವರ್ಣ. ಇದು ಮಗುವಿನದ್ದು. ಇಲ್ಲಿ ಒಂದು ಬಾಲ್ಕನಿ. ಮೇಲಿನದ್ದು ಎಬ್ಬಿಸುವ ವರ್ಷ ನಾನು ಮಸ್ಕತ್ತು ಬಿಟ್ಟು ಬಂದು ಇಲ್ಲೇ ನಿಲ್ತೇನೆ." ಪ್ರಾಪ್ತಿ ಆಗ ನನ್ನ ಸೊಂಟದಲ್ಲಿದ್ದಳು. ಈಗ ಅವಳು ನನಗಿಂತ ಉದ್ದ ಆಗಿದ್ದಾಳೆ. ಅಷ್ಟು ವರ್ಷವೂ ಮಳೆ ಸುರುವಾಗುವ ಮೊದಲು ನಾನು ಆ ಸರಳುಗಳಿಗೆ ಸಿಮೆಂಟು ನೀರು ಬಳಿದಿದ್ದೇನೆ, ತುದಿಗೆ ಪ್ಲಾಸ್ಟಿಕ್ ಬಾಟ್ಲಿ ಕವುಚಿದ್ದೇನೆ. ಸರಳು ತುಕ್ಕು ಹಿಡಿದ್ರೆ ಇವರು ಬರುದು ತಡ ಆಗ್ತದೆ ಅಂತ ನನ್ನ ಲೆಕ್ಕ. ಯಾರು ಕೇಳಿದ್ರೂ ಮಾಮಿ ಹೇಳುದು ಒಂದೇ, "ಮೇಲಿನದ್ದು ಆಗುವಾಗ ಶೋಧನ್ ಬರ್ತಾನೆ." ನಾನು ಬಾಯಿಬಿಟ್ಟು ಹೇಳುದಿಲ್ಲ. ಆದ್ರೆ ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ. ಇವರು ಬಂದು ನಿಲ್ಬೇಕು. ಬೇರೆ ಏನೂ ಬೇಡ.

ಟೆಲಿಸ್ಕೋಪ್ ಬಂದದ್ದು ಕಳೆದ ರಜೆಯಲ್ಲಿ. ಮಸ್ಕತ್ತಿನಲ್ಲಿ ಜೊತೆಯವನೊಬ್ಬ ರಜೆಯ ದಿನ ಮರುಭೂಮಿಗೆ ಕರ್ಕೊಂಡು ಹೋಗಿ ಇವರಿಗೆ ಈ ಹುಚ್ಚು ಹಿಡಿಸಿದ. ಊರಿಗೆ ಬರುವಾಗ ಎಲ್ಲರೂ ಖರ್ಜೂರ, ಸೆಂಟು, ಕಂಬಳಿ ತರ್ತಾರೆ. ಇವರು ತಂದದ್ದು ಮೂರು ಪೆಟ್ಟಿಗೆ ಕಬ್ಬಿಣ. ನಡುವಿನ ಕಂಬದ ಸರಳುಗಳನ್ನು ಬಗ್ಗಿಸಿ, ಅದರ ತಲೆಗೆ ಒಂದು ಪ್ಲೇಟು ಕೂರಿಸಿ, ಪ್ಲೇಟಿನ ಮೇಲೆ ಮೌಂಟು ಅನ್ನುವ ತಿರುಗುವ ಯಂತ್ರ, ಮೌಂಟಿನ ಮೇಲೆ ಟೆಲಿಸ್ಕೋಪು, ಅದರ ಹಿಂದೆ ಕ್ಯಾಮರಾ. "ಕಂಬ ಹಾಳಾಗ್ಲಿಕ್ಕಿಲ್ವಾ?" ಅಂತ ಕೇಳಿದೆ. "ಮೇಲಿನದ್ದು ಎಬ್ಬಿಸುವಾಗ ತೆಗಿಯುವ" ಅಂದ್ರು. ಮುಖ ನೋಡಲಿಲ್ಲ, ಸ್ಕ್ರೂ ತಿರುಗಿಸ್ತಾ ಇದ್ರು. ರಜೆ ಮುಗಿಯಿತು, ಇವರು ಹೋದ್ರು, ಅದು ಉಳಿಯಿತು.

ವ್ಯವಸ್ಥೆ ಹೇಗೆ ಅಂದ್ರೆ, ನಾನು ಸಂಜೆ ಟರ್ಪಾಲು ತೆಗೆದು, ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲೆ ಇಟ್ಟು, ವಯರು ಸಿಕ್ಕಿಸಿ ಕೊಡ್ಬೇಕು. ಇವರು ಮಸ್ಕತ್ತಿನ ರೂಮಿನಲ್ಲಿ ಕೂತು ನೆಟ್ಟಿನಲ್ಲಿ ಅದರೊಳಗೆ ಬರ್ತಾರೆ. ಆಮೇಲೆ ಪರದೆಯ ಮೇಲೆ ಬಾಣದ ಗುರುತು ತನ್ನಷ್ಟಕ್ಕೆ ಓಡಾಡ್ತದೆ. ಮೊದಲ ದಿನ ಅದನ್ನು ನೋಡಿ ನನಗೆ ಒಂದು ರೀತಿ ಆಯ್ತು. ಮನೆಯೊಳಗೆ ಇವರದ್ದೇ ಏನೋ ಓಡಾಡಿದ ಹಾಗೆ. ಸಂತೋಷವೇ ಆಯ್ತು ಅಂತ ಇಟ್ಕೊಳ್ಳಿ.

ಸಂತೋಷ ಹೆಚ್ಚು ದಿನ ಬಾಳಲಿಲ್ಲ. ಇವರಿಗೆ ಬೇಕಾದದ್ದು ಮೃಗಶಿರದ ಹತ್ತಿರ ಇರುವ ಒಂದು ಹೊಗೆಯ ಮುದ್ದೆ. ನೆಬ್ಯುಲಾ ಅಂತಾರೆ. ಕೆಲಸ ಮಾಡುದು ಒಂದು ಸಾಫ್ಟ್‌ವೇರು. ಅದು ಮೌಂಟಿಗೆ ಹೇಳ್ತದೆ, ಅಲ್ಲಿಗೆ ತಿರುಗು ಅಂತ. ಮೌಂಟು ಕುಂಯ್ ಅಂತ ತಿರುಗ್ತದೆ. ಕ್ಯಾಮರಾ ಒಂದು ಫೋಟೋ ಹೊಡೀತದೆ. ಸಾಫ್ಟ್‌ವೇರು ಆ ಫೋಟೋದ ಚುಕ್ಕಿಗಳನ್ನು ತನ್ನ ನಕ್ಷೆಗೆ ಹೋಲಿಸಿ, ಇಷ್ಟು ತಪ್ಪಿದೆ, ಇನ್ನು ಇಷ್ಟು ಸರಿ ಅಂತ ಮತ್ತೆ ಹೇಳ್ತದೆ. ಮತ್ತೆ ತಿರುಗ್ತದೆ, ಮತ್ತೆ ಫೋಟೋ. ಎರಡು ಮೂರು ಸಲಕ್ಕೆ ಬೇಕಾದದ್ದು ಫೋಟೋದ ಸರೀ ನಡುವಿಗೆ ಬರ್ಬೇಕು. ಆಗ ಹಸಿರು ಗುರುತು ಬೀಳ್ತದೆ. ನಮಗೆ ಬೀಳ್ತಾ ಇದ್ದದ್ದು ಕೆಂಪು.

ಸುರುವಿಗೆ ಅದು ಎಲ್ಲೆಲ್ಲಿಗೋ ತಿರುಗ್ತಿತ್ತು. ನಕ್ಷತ್ರ ಹುಡುಕು ಅಂದ್ರೆ ಆಚೆ ಮನೆಯ ತೆಂಗಿನ ಮರಕ್ಕೆ ಮುಖ ಮಾಡ್ತಿತ್ತು. ಇವರು ಒಂದು ವಾರ ತಲೆ ಕೆಡಿಸ್ಕೊಂಡ್ರು. ಕಡೆಗೆ ನೋಡಿದ್ರೆ ಲ್ಯಾಪ್‌ಟಾಪಿನ ಗಡಿಯಾರ ಮಸ್ಕತ್ತಿನ ಗಂಟೆ ತೋರಿಸ್ತಾ ಇದೆ. ಹಿಂದೆ ಹಾಕಿದ್ದು ನಾನೇ. ಇವರ ಡ್ಯೂಟಿ ಬಿಟ್ಟಿತಾ ಇಲ್ವಾ ಅಂತ ಕೂಡಲೇ ಗೊತ್ತಾಗ್ಲಿ ಅಂತ ಕೈಯಲ್ಲೇ ಮುಳ್ಳು ತಿರುಗಿಸಿದ ಹಾಗೆ ತಿರುಗಿಸಿ ಇಟ್ಟಿದ್ದೆ. ನಮ್ಮ ಅಡುಗೆಕೋಣೆಯ ಗೋಡೆಯಲ್ಲೂ ಹಾಗೆ ಒಂದು ಗಡಿಯಾರ ಉಂಟು, ಈ ಕಡೆಯ ತುಂಬ ಮನೆಗಳಲ್ಲಿ ಉಂಟು. ಆಕಾಶಕ್ಕೆ ಅದು ಆಗುದಿಲ್ಲ ಅಂತ ನನಗೇನು ಗೊತ್ತು ಮಾರಾಯ್ರೆ.

"ನಿನಗೆ ಇಷ್ಟೂ ಗೊತ್ತಾಗುದಿಲ್ವಾ? ಕಂಪ್ಯೂಟರಿನಲ್ಲಿ ಕೆಲಸ ಮಾಡುವವಳು ಅಂತ ಬೇರೆ ಹೇಳ್ಕೊಳ್ತೀ" ಅಂದ್ರು.

"ನಾನು ಗಂಟೆ ನೋಡಿದ್ದು ನಕ್ಷತ್ರಕ್ಕಲ್ಲ. ನಿಮಗೆ" ಅಂದೆ. ಇವರಿಗೆ ಅದು ಕೇಳಿತೋ ಇಲ್ವೋ. ಗಡಿಯಾರ ಸರಿ ಮಾಡಿ ಆಗ್ಲೇ ಸಾಫ್ಟ್‌ವೇರು ಪುನಃ ಸುರು ಮಾಡಿ ಆಗಿತ್ತು.

ಅದರಿಂದ ತೆಂಗಿನ ಮರ ಬಿಟ್ಟಿತು. ಹೊಗೆಯ ಮುದ್ದೆ ಫೋಟೋದೊಳಗೆ ಬಂತು. ಆದ್ರೆ ನಡುವಿಗೆ ಬರಲಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಕೆಳಕ್ಕೆ. ಸಾಫ್ಟ್‌ವೇರು ಸರಿ ಮಾಡು ಅಂತದೆ, ಮೌಂಟು ಸರಿ ಮಾಡ್ತದೆ, ಮುಂದಿನ ಫೋಟೋದಲ್ಲಿ ತಪ್ಪು ಅಷ್ಟೇ ಇರ್ತದೆ, ಕೆಲವು ಸಲ ಹೆಚ್ಚೇ ಇರ್ತದೆ. ಬರೀ ಬೆರಳ ತುದಿಯಷ್ಟು. ಆ ಬೆರಳ ತುದಿಗೋಸ್ಕರ ಜನವರಿ ಇಡೀ ಹೋಯಿತು.

ಏನೆಲ್ಲ ಮಾಡಿದ್ದೇವೆ ಅಂತ ಹೇಳ್ತಾ ಹೋದ್ರೆ ನಿಮಗೂ ಸುಸ್ತು. ಲೆನ್ಸಿನ ಅಳತೆ ತಪ್ಪು ಹಾಕಿದ್ದಾ ಅಂತ ನೋಡಿದ್ರು, ಅಲ್ಲ. ಹಳೆಯ ಲೆಕ್ಕ ಎಲ್ಲ ಅಳಿಸಿ ಹೊಸದಾಗಿ ಕಲಿಸುವ ಅಂದ್ರು, ಕಲಿಸಿ ಆಯ್ತು, ಅದು ಮತ್ತೆ ಅದೇ ಮೂಲೆಗೆ ಹೋಯಿತು. ಹಿಡಿತ ಸಡಿಲ ಆಗಿರ್ಬೇಕು, ಬಿಗಿ ಮಾಡು ಅಂದ್ರು. ಬಿಗಿ ಮಾಡಿದೆ. ಹೆಚ್ಚಾಯ್ತು, ಸಡಿಲ ಮಾಡು ಅಂದ್ರು. ಸಡಿಲ ಮಾಡಿದೆ. ವಯರು ಎಳೀತಾ ಇರ್ಬಹುದು ಅಂತ ವಯರನ್ನು ದಾರದಲ್ಲಿ ಕಟ್ಟಿಸಿದ್ರು. ಮೌಂಟಿನ ಒಳಗೆ ಗೇರಿನ ಹಲ್ಲುಗಳ ನಡುವೆ ಸಡಿಲ ಉಂಟಾ ಅಂತ ಪರೀಕ್ಷೆ ಮಾಡ್ಲಿಕ್ಕೆ ನನ್ನನ್ನು ಬಾಗಿಸಿ ಕಿವಿಗೊಟ್ಟು ಕೇಳಿಸಿದ್ರು. ಸೊಂಟ ಹಿಡಿದದ್ದೇ ಬಂತು. ತಿರುಗಿ ತಿರುಗಿ ಒಂದೇ ಪ್ರಶ್ನೆ, "ನೀನು ಮುಟ್ಟಿದ್ಯಾ?" ಮುಟ್ಟಲಿಲ್ಲ. "ಬಟ್ಟೆ ಒಣಗ್ಲಿಕ್ಕೆ ಅದರ ಹತ್ತಿರ ಹಾಕಿದ್ಯಾ?" ಇಲ್ಲ. "ಮತ್ತೆ ಹೇಗೆ ತಪ್ಪಿತು?" ನನಗೆ ಗೊತ್ತಿದ್ರೆ ನಾನು ಸೊಸೈಟಿಯಲ್ಲಿ ಯಾಕೆ ಕೂತ್ಕೊಳ್ತೇನೆ?

ಈ ನಡುವೆ ಪ್ರಾಪ್ತಿಗೆ ಜ್ವರ ಬಂದು ಮೂಡಬಿದಿರೆಗೆ ಹೋಗಿ ಮೂರು ದಿನ ಅಲ್ಲೇ ಇದ್ದೆ. ಅಲ್ಲಿಗೂ ಫೋನು. ಮಗಳ ಜ್ವರ ಕೇಳಿದ್ರು, ಇಲ್ಲ ಅಂತ ಹೇಳ್ಬಾರ್ದು. ಕೇಳಿ ಆದ ಕೂಡಲೇ, "ಟರ್ಪಾಲು ಸರಿ ಕಟ್ಟಿದ್ಯಾ?" ಅಂದ್ರು. ಪ್ರಾಪ್ತಿ ಹಾಸಿಗೆಯಲ್ಲಿ ಮಲಗಿದಲ್ಲೇ ನಕ್ಕಳು. ನನಗೆ ನಗು ಬರಲಿಲ್ಲ. ಅವಳ ಹಣೆಯ ಒದ್ದೆಬಟ್ಟೆ ಮಗುಚಿ ಹಾಕಿ, ಕಟ್ಟಿದ್ದೇನೆ ಅಂದೆ.

ಒಂದು ಸಂಜೆ ಹೀಗಾಯ್ತು. ಫೆಬ್ರವರಿ ಸುರುವಿರ್ಬೇಕು. ನಾನು ಟೆರೇಸಿನಲ್ಲಿ ಸ್ಟೂಲಿನ ಹತ್ತಿರ ನಿಂತಿದ್ದೆ, ಕೆಂಪಿನ ಮೇಲೆ ಕೆಂಪು ಬೀಳ್ತಾ ಇತ್ತು. ಕೆಳಗೆ ಮಾಮಿ ಕೂಗಿದ್ರು, ಕುಕ್ಕರು ಸೀಟಿ ಹಾಕ್ತಾ ಉಂಟು ಅಂತ. ಇಳಿದು ಹೋಗಿ ಗ್ಯಾಸು ಬಂದ್ ಮಾಡಿದೆ. ಅಷ್ಟರಲ್ಲಿ ಫೋನು. "ಸ್ವರ್ಣ, ಬಂತು. ಸರೀ ನಡುವಿಗೆ ಬಂತು, ಹಸಿರು ಬಿತ್ತು." ಇವರ ಸ್ವರ ಅಷ್ಟು ಖುಷಿಯಲ್ಲಿ ಕೇಳದೆ ವರ್ಷಗಳಾಗಿತ್ತು. ನೋಡುವ ಅಂತ ಮೇಲೆ ಓಡಿದೆ. ನಾನು ಸ್ಟೂಲಿನ ಹತ್ತಿರ ಹೋಗಿ ನಿಲ್ಲುದಕ್ಕೂ ಅದು ಮೂಲೆಗೆ ಸರಿಯುದಕ್ಕೂ ಸರಿ ಆಯ್ತು.

"ನೀನು ಮುಟ್ಟಿದ್ಯಾ?"

"ಇಲ್ಲ."

"ಕೆಳಗೆ ಹೋಗು ನೋಡುವ."

ಹೋದೆ. ಮೆಟ್ಟಲಿನಲ್ಲಿ ಕೂತೆ. ಹಸಿರು ಬಿತ್ತು ಅಂದ್ರು. ಬಂದೆ. ಹೋಯಿತು ಅಂದ್ರು. ಹೀಗೆ ನಾಲ್ಕು ಸಲ ಏರಿಳಿದೆ. ಕಡೆಯ ಸಲ ನನಗೇ ಒಂದು ಅಂದಾಜು ಸಿಕ್ಕಿತು. ಒಂದೇ ನಕ್ಷತ್ರವನ್ನು ದೊಡ್ಡ ಮಾಡಿ ಪರದೆಯಲ್ಲಿ ಹಿಡಿದು ಇಡಿ ಅಂದೆ. ಇಟ್ರು. ಒಂದು ಹೆಜ್ಜೆ ಹಾಕಿದೆ, ನಕ್ಷತ್ರ ಸರಿಯಿತು. ಹಿಂದೆ ಇಟ್ಟೆ, ಹಿಂದೆ ಬಂತು. ಕಂಬದ ಬುಡದಲ್ಲಿ ಕೂತು ಫೋನಿನ ಬೆಳಕು ಹಾಕಿದೆ. ಗಾರೆಯ ಸುತ್ತ ಕೂದಲಿನಂಥ ಬಿರುಕು, ಬುಡಕ್ಕೆ ಸುತ್ತು ಬಂದದ್ದು. ಕೈಯಿಟ್ಟು ಒಂದಿಷ್ಟು ದೂಡಿದೆ. ಗದ್ದೆಯ ಬೇಲಿಯ ಗೂಟ ಅಲುಗಿದ ಹಾಗೆ ಅಲುಗಿತು. ಪರದೆಯಿಂದ ನಕ್ಷತ್ರವೇ ಮಾಯ.

"ಇವರೇ, ಕಂಬ ಅಲುಗ್ತದೆ" ಅಂದೆ. ನನಗೆ ಸಂತೋಷವೇ ಆಗಿತ್ತು. ಎರಡು ತಿಂಗಳ ರಗಳೆ ಮುಗಿಯಿತಲ್ಲ. ಸಾಫ್ಟ್‌ವೇರಿನದ್ದೂ ತಪ್ಪಿಲ್ಲ, ನನ್ನದೂ ತಪ್ಪಿಲ್ಲ.

"ಕಂಬ ಹೇಗೆ ಅಲುಗ್ತದೆ? ಕಾಂಕ್ರೀಟು ಅದು. ಸೆಟ್ಟಿಂಗಿನಲ್ಲೇ ಏನೋ ಇರ್ಬೇಕು, ನಾಳೆ ನೋಡುವ" ಅಂದ್ರು.

"ನಾನು ಕೈಯಿಟ್ಟು ನೋಡಿದೆ."

"ನಾಳೆ ನೋಡುವ ಅಂದೆನಲ್ಲ. ಮುಂಡಪ್ಪನನ್ನೆಲ್ಲ ಕರೀಲಿಕ್ಕೆ ಹೋಗ್ಬೇಡ."

ಮುಂಡಪ್ಪಣ್ಣ ನಮ್ಮ ಮನೆ ಕಟ್ಟಿದ ಮೇಸ್ತ್ರಿ. ಅವರ ಹೆಸರನ್ನು ನಾನು ಎತ್ತಿರಲೇ ಇಲ್ಲ. ಆಗ ಅದು ನನ್ನ ತಲೆಗೆ ಹೋಗಲಿಲ್ಲ. ಸುಮ್ಮನೆ ಖರ್ಚು ಯಾಕೆ ಅಂತ ಹೇಳಿದ್ದಿರ್ಬೇಕು ಅಂತ ಗ್ರಹಿಸಿದೆ. ಹಾಗೆ ಗ್ರಹಿಸಿಯೇ ಮರುದಿನ ಸೊಸೈಟಿಯಿಂದ ಮುಂಡಪ್ಪಣ್ಣನಿಗೆ ಫೋನು ಮಾಡಿದೆ. ಇವರಿಗೆ ಹೇಳದೆ ಕಂಬ ಗಟ್ಟಿ ಮಾಡಿಸಿ, ಒಂದು ದಿನ ಹಸಿರು ಬೀಳಿಸಿ ತೋರಿಸುವ ಅಂತ ನನ್ನ ಆಸೆ. ಆ ಖುಷಿಯ ಸ್ವರ ಇನ್ನೊಮ್ಮೆ ಕೇಳ್ಬೇಕು ಅಂತಲೂ ಇತ್ತು, ಸುಳ್ಳು ಯಾಕೆ ಹೇಳುದು.

ಮುಂಡಪ್ಪಣ್ಣ ಆದಿತ್ಯವಾರ ಬೆಳಿಗ್ಗೆ ಬಂದ್ರು. ಈಗ ವಯಸ್ಸಾಗಿದೆ, ನೆರಿಯ ಊರಿನಲ್ಲಿ ಮಗಳ ಮನೆಯಲ್ಲಿದ್ದಾರೆ, ಅಲ್ಲಿಂದ ಬಸ್ಸಿನಲ್ಲಿ ಬಂದದ್ದು. ಚಾ ಕುಡಿದು, ಮಾಮಿಯ ಹತ್ತಿರ ಮೊಣಗಂಟಿನ ವಿಚಾರ ಮಾತಾಡಿ, ನಿಧಾನಕ್ಕೆ ಮೇಲೆ ಹತ್ತಿದ್ರು. ಟೆಲಿಸ್ಕೋಪನ್ನು ಒಂದು ಸುತ್ತು ನೋಡಿದ್ರು. ಕಂಬವನ್ನು ನೋಡಲೇ ಇಲ್ಲ.

"ಇದಕ್ಕೆ ಸುತ್ತ ಕಾಂಕ್ರೀಟು ಕಟ್ಟಿದ್ರೆ ಗಟ್ಟಿ ಆದೀತಾ?" ಕೇಳಿದೆ.

"ಕಟ್ಟಬಹುದು ಅಕ್ಕ. ಕಟ್ಟಿದ್ರೂ ಅಲುಗ್ತದೆ. ಇದು ಸ್ಲ್ಯಾಬಿನ ಮೇಲೆ ಕೂತದ್ದಲ್ವಾ. ನೀವು ನಡೆದ್ರೆ ಸ್ಲ್ಯಾಬು ಒಂದಿಷ್ಟು ಬಗ್ಗುದೇ, ಅದರೊಟ್ಟಿಗೆ ಇದೂ ಬಗ್ತದೆ."

"ಸ್ಲ್ಯಾಬಿನ ಮೇಲೆ ಯಾಕೆ ಕೂತ್ಕೊಳ್ತದೆ? ಕಂಬ ಕೆಳಗಿನಿಂದ ಬಂದದ್ದಲ್ವಾ?"

ಮುಂಡಪ್ಪಣ್ಣ ನನ್ನ ಮುಖ ನೋಡಿದ್ರು. ಆಮೇಲೆ ಹೆಗಲಿನ ಬೈರಾಸು ತೆಗೆದು ಮುಖ ಒರೆಸಿಕೊಂಡ್ರು. "ನಿಮಗೆ ಗೊತ್ತುಂಟು ಅಂತ ಗ್ರಹಿಸಿದ್ದೆ ನಾನು" ಅಂದ್ರು.

"ಎಂತ ಗೊತ್ತುಂಟು ಅಂತ?"

"ಇದು ಕಾಣ್ಲಿಕ್ಕೆ ಇಟ್ಟದ್ದು ಅಕ್ಕ. ಆರೂ ಹಾಗೆಯೇ. ಸ್ಲ್ಯಾಬು ಹಾಕುವ ದಿನ ಸರಳು ಸಿಕ್ಕಿಸಿ ನಿಲ್ಲಿಸಿದ್ದು. ಜಾಗ ಗದ್ದೆ ತುಂಬಿಸಿದ್ದು, ಅಡಿಪಾಯ ಒಂದೇ ಮಾಳಿಗೆಗೆ ಅಂತ ಹಾಕಿದ್ದು. ಇದರ ಮೇಲೆ ಮನೆ ನಿಲ್ಲುದಿಲ್ಲ. ನಾನು ಆಗ್ಲೇ ಶೋಧನ್ ಧಣಿಗಳಿಗೆ ಹೇಳಿದ್ದೆ, ಮೇಲೆ ಎಬ್ಬಿಸುವ ಆಲೋಚನೆ ಇದ್ರೆ ಈಗ್ಲೇ ಅಡಿಯಿಂದ ಮಾಡುವ ಅಂತ. ಎಬ್ಬಿಸ್ಲಿಕ್ಕಿಲ್ಲ ಮುಂಡಪ್ಪ, ಸರಳು ಮಾತ್ರ ಮೇಲೆ ಬಿಡು ಅಂದ್ರು."

ಇಷ್ಟು ಹೇಳಿ ಅವರು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಆಚೆ ನೋಡ್ತಾ ನಿಂತ್ರು. ಬೇಡದ ಮಾತು ಬಾಯಿಂದ ಬಿತ್ತು ಅಂತ ಅವರಿಗೂ ಗೊತ್ತಾಗಿತ್ತು. "ನಾನು ಹೇಳಿದ್ದು ಅಂತ ಹೇಳ್ಬೇಡಿ" ಅಂದ್ರು. ಬಸ್ಸಿಗೆ ಹೊತ್ತಾಯ್ತು ಅಂತ ಊಟಕ್ಕೂ ನಿಲ್ಲಲಿಲ್ಲ.

ಅವರು ಹೋದ ಮೇಲೆ ನಾನು ಕೆಳಗೆ ಬಂದು ಊಟದ ಮೇಜಿನ ಹತ್ತಿರ ನಿಂತೆ. ಮೆಟ್ಟಲಿನಿಂದ ಎಷ್ಟು ಹೆಜ್ಜೆ, ಕಿಟಕಿಯಿಂದ ಎಷ್ಟು ದೂರ ಅಂತ ಮನಸ್ಸಿನಲ್ಲೇ ಅಂದಾಜು ಹಾಕಿದೆ. ನಡುವಿನ ಆ ಕಂಬದ ನೇರ ಅಡಿಯಲ್ಲಿ ಇರುದು ನಮ್ಮ ಊಟದ ಮೇಜು. ಮೇಲೆ ಫ್ಯಾನು. ಕಂಬ ಕೆಳಗಿನಿಂದ ಬಂದಿದ್ರೆ ಮೇಜಿನ ನಡುವಿನಿಂದ ಹಾದು ಹೋಗ್ಬೇಕಿತ್ತು. ದಿನಾ ಗುಡಿಸಿದ ಹಾಲ್, ದಿನಾ ಒರೆಸಿದ ಮೇಜು. ಇಲ್ಲಿ ಕಂಬ ಇಲ್ಲ ಅಂತ ಒಂದು ದಿನವೂ ನನ್ನ ಕಣ್ಣಿಗೆ ಬೀಳಲಿಲ್ಲ. ನನಗೆ ನನ್ನ ಮೇಲೆಯೇ ಹೇಸಿಗೆ ಆಯ್ತು. ಇಷ್ಟು ವರ್ಷ ಬಳಿದ ಸಿಮೆಂಟು ನೀರಿನದ್ದೆಲ್ಲ ಒಟ್ಟಿಗೇ ನೆನಪಾಯ್ತು. ಟಿವಿಯ ಎದುರಿನಿಂದ ಮಾಮಿ, "ಮುಂಡಪ್ಪ ಎಂತ ಹೇಳಿದ? ಮೇಲಿನದ್ದು ಸುರು ಮಾಡುವ ವಿಚಾರವಾ?" ಅಂತ ಕೇಳಿದ್ರು. ಅಲ್ಲ ಮಾಮಿ, ಟೆಲಿಸ್ಕೋಪಿನದ್ದು ಅಂದೆ.

ಸಂಜೆ ಸರೀ ಹೊತ್ತಿಗೆ ಫೋನು ಬಂತು.

"ಮೇಲೆ ಹೋದ್ಯಾ?"

"ಇಲ್ಲ. ಊಟದ ಮೇಜಿನ ಹತ್ತಿರ ಕೂತಿದ್ದೇನೆ. ನಿಮ್ಮ ಕಂಬದ ಅಡಿಯಲ್ಲಿ."

ಆಚೆ ಕಡೆ ಯಾರೋ ರೂಮಿನವರ ಮಾತು, ಪಾತ್ರೆಯ ಶಬ್ದ ಕೇಳ್ತಾ ಇತ್ತು. ಇವರು ಎದ್ದು ಹೊರಗೆ ಹೋದ ಹಾಗೆ ಅನಿಸಿತು, ಶಬ್ದ ನಿಂತಿತು.

"ಮುಂಡಪ್ಪ ಬಂದಿದ್ನಾ?"

"ಬಂದಿದ್ರು."

"ಅಮ್ಮನಿಗೆ ಗೊತ್ತಾಯ್ತಾ?"

ಮೊದಲು ಕೇಳಿದ್ದು ಅದನ್ನು. ನೋಡಿ, ನನಗೆ ಬೊಬ್ಬೆ ಹಾಕ್ಬೇಕು ಅಂತ ಇತ್ತು. ಮಧ್ಯಾಹ್ನದಿಂದ ಮಾತು ಜೋಡಿಸಿ ಇಟ್ಟಿದ್ದೆ. ಆ ಒಂದು ಪ್ರಶ್ನೆಗೆ ಎಲ್ಲ ಹೋಯಿತು. ಬೈಲಿಕ್ಕೂ ತ್ರಾಣ ಬೇಕು.

"ಇಲ್ಲ. ಹೆದರ್ಬೇಡಿ" ಅಂದೆ.

ಇವರು ನಿಧಾನಕ್ಕೆ ಹೇಳ್ಲಿಕ್ಕೆ ಸುರು ಮಾಡಿದ್ರು. "ಆಗ ನಮ್ಮ ದಾರಿಯಲ್ಲಿ ಎಲ್ಲರ ಮನೆಯ ಮೇಲೂ ಸರಳು ಇತ್ತು ಸ್ವರ್ಣ. ನಮ್ಮದರಲ್ಲಿ ಮಾತ್ರ ಇಲ್ಲದಿದ್ರೆ, ಶೋಧನ್‌ನದ್ದು ಇಷ್ಟೇ ಅಂತ ಜನ ಹೇಳ್ತಿದ್ರು. ಅಡಿಯಿಂದ ಗಟ್ಟಿ ಮಾಡಿಸುವಷ್ಟು ನನ್ನ ಕೈಯಲ್ಲಿ ಆಗ್ತಿರ್ಲಿಲ್ಲ."

"ಜನರಿಗೆ ತೋರಿಸಿದ್ದು ಸರಿ. ನನಗೆ ರೂಮು ಯಾಕೆ ತೋರಿಸಿದ್ದು?"

"ಗೊತ್ತಿಲ್ಲ. ಆವತ್ತು ನೀನು ಮಗುವನ್ನು ಎತ್ತಿಕೊಂಡು ಖುಷಿಯಲ್ಲಿ ನಿಂತಿದ್ದಿ. ಬಾಯಿಗೆ ಬಂತು, ಹೇಳಿದೆ. ಹೇಳಿದ ಮೇಲೆ ಹಿಂದೆ ತೆಗಿಲಿಕ್ಕೆ ಆಗಲಿಲ್ಲ."

"ಎರಡು ತಿಂಗಳಿಂದ ನನ್ನ ಕೈಯಲ್ಲಿ ಸ್ಕ್ರೂ ತಿರುಗಿಸಿದ್ರಲ್ಲ. ಕಂಬವೇ ಅಂತ ಗೊತ್ತಿತ್ತಾ?"

"ಸಂಶಯ ಇತ್ತು. ಬೇರೆ ಏನಾದ್ರೂ ಆಗಿರ್ಲಿ ಅಂತ ನೋಡ್ತಾ ಇದ್ದೆ. ಗಡಿಯಾರ ಸಿಕ್ಕಿದ ದಿನ, ಅಬ್ಬ, ಅದೇ ಅಂತ ಸಮಾಧಾನ ಆಗಿತ್ತು."

ತಪ್ಪು ನನ್ನದಾದ್ರೆ ಕಂಬದ್ದಲ್ಲ ಅಂತ ಆಯ್ತಲ್ಲ, ಅದಕ್ಕೇ ಆವತ್ತು ನನಗೆ ಅಷ್ಟು ಬೈದದ್ದಿರ್ಬೇಕು. ಫ್ಯಾನು ತಿರುಗ್ತಾ ಇತ್ತು. ನಾನು ಅದನ್ನೇ ನೋಡ್ತಾ ಕೇಳಿದೆ, "ನೀವು ಬಂದು ನಿಲ್ಲುದಿಲ್ಲ. ಅಲ್ವಾ?"

"ಬಂದು ಎಂತ ಮಾಡುದು ಹೇಳು. ರಜೆಗೆ ಬಂದ್ರೆ ಮೊದಲೆರಡು ದಿನ ಎಲ್ಲರೂ ಮಾತಾಡ್ತೀರಿ. ಆಮೇಲೆ ನೀನು ಸೊಸೈಟಿಗೆ, ಅವಳು ಓದ್ಲಿಕ್ಕೆ, ಅಮ್ಮ ಟಿವಿಗೆ. ನಾನು ಜಗಲಿಯಲ್ಲಿ ನೆಂಟನ ಹಾಗೆ ಕೂತಿರ್ತೇನೆ. ಆ ಮನೆಯಲ್ಲಿ ನನ್ನಿಂದ ಆಗ್ಬೇಕಾದ ಕೆಲಸ ಒಂದೂ ಇಲ್ಲ. ಅದಕ್ಕೇ ಟೆಲಿಸ್ಕೋಪು ಇಟ್ಟದ್ದು. ಸಂಜೆ ಒಂದು ಗಳಿಗೆ ನನಗೂ ಅಲ್ಲಿ ಒಂದು ಕೆಲಸ ಇರ್ಲಿ ಅಂತ."

ಇವರ ಸ್ವರ ಒಡೆದಿತ್ತು. ನನಗೆ ಪಾಪ ಅನಿಸಿತು, ಅನಿಸಲಿಲ್ಲ ಅಂತ ಹೇಳುದಿಲ್ಲ. ಅಷ್ಟು ದೂರದಲ್ಲಿ ಒಂದು ಕಟ್ಟಡದ ಹೊರಗೆ ನಿಂತು ಫೋನು ಕಿವಿಗೆ ಒತ್ತಿ ಹಿಡಿದಿರುವ ಗಂಡಸು ಕಣ್ಣೆದುರು ಬಂದ. ಸಿಟ್ಟು ಮಾತ್ರ ಇಳಿಯಲಿಲ್ಲ. ಎರಡೂ ಒಟ್ಟಿಗೆ ಇತ್ತು, ಎರಡನ್ನೂ ಹೊತ್ತುಕೊಂಡು ಕೂತಿದ್ದೆ. ಇನ್ನೂ ಏನಾದ್ರೂ ಹೇಳ್ತಾರೆ ಅಂತ ಕಾದೆ. ನನ್ನ ವಿಚಾರ ಒಂದು ಮಾತು.

ಇವರು ಮೂಗು ಎಳ್ಕೊಂಡು, ಗಂಟಲು ಸರಿ ಮಾಡಿಕೊಂಡ್ರು. "ಟೆರೇಸಿನಲ್ಲಿ ಗೋಡೆಯ ಮೂಲೆ ಅಲುಗ್ಲಿಕ್ಕಿಲ್ಲ. ಕೆಳಗಿನಿಂದ ಕಲ್ಲು ಕಟ್ಟಿಕೊಂಡು ಬಂದದ್ದು ಅದು. ಮುಂಡಪ್ಪನ ಹತ್ತಿರ ಪ್ಲೇಟನ್ನು ಆ ಮೂಲೆಗೆ ಕೂರಿಸ್ಲಿಕ್ಕೆ ಹೇಳುವ. ನೀನು ಮೆಟ್ಟಲಿನಲ್ಲೇ ಕೂತ್ರೆ ಆಯ್ತು, ಹತ್ತಿರ ಬರುದು ಬೇಡ."

"ಬೇಡ" ಅಂದೆ.

"ಎಂತ ಬೇಡ?"

"ನಾಳೆ ಅದನ್ನು ಬಿಚ್ಚಿ ಪೆಟ್ಟಿಗೆಗೆ ಹಾಕ್ತೇನೆ. ಬಂದು ನಿಲ್ಲುವ ದಿನ ನೀವೇ ನಿಮಗೆ ಬೇಕಾದಲ್ಲಿ ಕೂರಿಸಿ. ಅಂಗಳದಲ್ಲಿ ನೆಲ ಉಂಟು, ಗಟ್ಟಿ ಉಂಟು."

ಇವರು ಮಗು ಕೇಳಿದ ಹಾಗೆ ಕೇಳಿದ್ರು, "ಹಾಗಾದ್ರೆ ಸಂಜೆ ನಾನು ಎಂತ ಮಾಡುದು?"

"ಇಷ್ಟು ವರ್ಷ ಸಂಜೆ ನಿಮ್ಮ ಗಂಟೆ ನೋಡ್ತಾ ನಾನು ಎಂತ ಮಾಡಿದೆನೋ, ಅದನ್ನೇ ಮಾಡಿ."

ಅದೆಂತ ಅಂತ ಇವರು ಕೇಳಲಿಲ್ಲ. ಫೋನು ಇಡಲೂ ಇಲ್ಲ. ನಾನೇ ಇಟ್ಟು, ಮಾಮಿಗೆ ಊಟ ಬಡಿಸ್ಲಿಕ್ಕೆ ಎದ್ದೆ.